ಜೀವ ಉಳಿಸುವ ಹಗ್ಗ

ನನ್ನ ಬಲಗೈ ಮಣಿಕಟ್ಟಿನ ಮೇಲೆ ಈಗ ಬೆರಳಗಲದ ಒಂದು ಬಿಳಿ ಪಟ್ಟಿ ಇದೆ. ಉಳಿದ ಕೈಗೆಲ್ಲ ಕುಷ್ಟಗಿಯ ಬಿಸಿಲು ಬಿದ್ದು, ಅಲ್ಲೊಂದು ಕಡೆ ಮಾತ್ರ ಬೀಳದೆ ಉಳಿದ ಜಾಗ ಅದು. ಸ್ನಾನ ಮಾಡುವಾಗ ಕಣ್ಣಿಗೆ ಬಿದ್ದರೆ ನೀರಿನ ಚೊಂಬು ಒಂದು ಗಳಿಗೆ ಹಾಗೇ ಕೈಯಲ್ಲಿ ನಿಂತುಬಿಡುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕೇಸರಿ ಬಣ್ಣದ ಹೆಣೆದ ಹಗ್ಗದ ಕಡಗವೊಂದು ಕೂತಿತ್ತು. ಅದರ ಕಥೆ ಹೇಳುತ್ತೇನೆ. ನಿಮಗೆ ಅವಸರವಿದ್ದರೆ ಮುಂದಿನ ಪುಟಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ. ನಾನು ಮಾತಿಗೆ ಕೂತರೆ ಚಹಾ ಆರಿಹೋಗುತ್ತದೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅದನ್ನು ತಂದುಕೊಟ್ಟವಳು ನನ್ನ ತಂಗಿಯ ಮಗಳು ರೂಪಾ. ಗಂಗಾವತಿಯಲ್ಲಿ ದೈಹಿಕ ಶಿಕ್ಷಣದ ಟೀಚರು. ಭಾನುವಾರ ಬಂತೆಂದರೆ ತನ್ನಂಥವರೇ ಒಂದಿಷ್ಟು ಜನರನ್ನು ಕಟ್ಟಿಕೊಂಡು ಗುಡ್ಡ ಹತ್ತುವುದು ಅವಳ ಚಟ. ನಾನು ಸ್ಕೂಟರಿನಿಂದ ಇಳಿದು ಕಚೇರಿಯ ಕುರ್ಚಿಯವರೆಗೆ ನಡೆಯುವುದನ್ನೇ ವ್ಯಾಯಾಮವೆಂದು ಲೆಕ್ಕ ಹಿಡಿಯುವವನು. ನನ್ನ ಹೊಟ್ಟೆಯನ್ನು ನೋಡಿ ನೋಡಿ ಅವಳಿಗೆ ಸಾಕಾಗಿರಬೇಕು. ಒಂದು ದಿನ ಪಾರ್ಸೆಲ್ ಡಬ್ಬಿ ತಂದು ಮುಂದಿಟ್ಟಳು.

"ಮಾಮಾ, ಇದು ಸರ್ವೈವಲ್ ಬ್ರೇಸ್‌ಲೆಟ್. ಕಾಡಾಗ ದಾರಿ ತಪ್ಪಿದ್ರ, ಗುಡ್ಡದಾಗ ಸಿಕ್ಕೊಂಡ್ರ ಜೀವ ಉಳಸ್ತೈತಿ."

"ನಾನು ಕಾಡಿಗೆ ಯಾಕ ಹೋಗಲೇ?"

"ಅದಕ್ಕ ತಂದೀನಿ. ಇದು ಕೈಯಾಗ ಇದ್ರ ಹೋಗಬೇಕು ಅನಸ್ತೈತಿ."

ಮೊದಲ ನೋಟಕ್ಕೆ ಅದು ಬರೀ ಹಗ್ಗದ ಕಡಗ. ಆದರೆ ಅದರ ಕೊಂಡಿಯನ್ನು ಬಿಚ್ಚಿ ನೋಡಿದ ಮೇಲೆ ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಕೊಂಡಿಯ ಒಂದು ಅಂಚಿನಲ್ಲಿ ಸೀಟಿ. ಬೆನ್ನ ಮೇಲೆ ಕಡಲೆಕಾಳಿನಷ್ಟು ದಿಕ್ಸೂಚಿ. ಹೊಟ್ಟೆಯೊಳಗೆ ಬೆಂಕಿ ಹೊತ್ತಿಸುವ ಕಡ್ಡಿ, ಅದನ್ನು ಉಜ್ಜಲು ಹಲ್ಲಿರುವ ಪುಟ್ಟ ಬ್ಲೇಡು. ಹಗ್ಗವನ್ನು ಪೂರ್ತಿ ಬಿಚ್ಚಿದರೆ ಬಾವಿಗೆ ಕೊಡ ಇಳಿಸುವಷ್ಟು ಉದ್ದ, ಆ ಹಗ್ಗದ ಹೊಟ್ಟೆ ಸೀಳಿದರೆ ಒಳಗೆ ಮತ್ತೆ ಬೆಳ್ಳನೆಯ ಸಣ್ಣ ದಾರಗಳು. ಜೊತೆಗೆ ಬಂದಿದ್ದ ಇಂಗ್ಲಿಷ್ ಚೀಟಿಯಲ್ಲಿ ಒಬ್ಬ ಮನುಷ್ಯನ ಚಿತ್ರಗಳಿದ್ದವು. ಆ ಪುಣ್ಯಾತ್ಮ ಇದೊಂದೇ ಕಡಗದಿಂದ ಗುಡಾರ ಕಟ್ಟುತ್ತಾನೆ, ಮೀನು ಹಿಡಿಯುತ್ತಾನೆ, ಬೆಂಕಿ ಹಾಕಿ ಸುಡುತ್ತಾನೆ, ಮುರಿದ ಕೈಗೆ ದಬ್ಬೆ ಕಟ್ಟಿಕೊಳ್ಳುತ್ತಾನೆ. ಎಲ್ಲ ಚಿತ್ರದಲ್ಲೂ ಅವನು ಒಬ್ಬನೇ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಕೈಗೆ ಹಾಕಿಕೊಂಡು ಮರುದಿನ ಕಚೇರಿಗೆ ಹೊರಟೆ. ದಾರಿಯಲ್ಲಿ ಚಹಾದಂಗಡಿಯವನು ಲೋಟ ಕೊಡುತ್ತಲೇ ಕೇಳಿದ: "ಯಾವ ದೇವರದ್ರಿ ಸರ?" ನಮ್ಮ ಕಡೆ ಕೈಯಲ್ಲೊಂದು ದಾರ ಕಂಡರೆ ಮೊದಲು ಬರುವ ಪ್ರಶ್ನೆ ಅದೇ ಅಲ್ಲವೇ? ಕಪ್ಪು ದಾರಕ್ಕೊಂದು ಗುಡಿ, ಕೆಂಪು ದಾರಕ್ಕೊಂದು ಗುಡಿ, ಹಸಿರು ದಾರಕ್ಕೊಂದು ದರ್ಗಾ. ಕೇಸರಿ ಎಂದರೆ ಹನುಮಪ್ಪನದೇ ಇರಬೇಕೆಂದು ಅವನೇ ತೀರ್ಮಾನ ಮಾಡಿ ಕಡಗಕ್ಕೊಂದು ನಮಸ್ಕಾರವನ್ನೂ ಹಾಕಿದ. ಕಚೇರಿಯಲ್ಲಿ ಪಕ್ಕದ ಮೇಜಿನವರು ದನಿ ತಗ್ಗಿಸಿ, "ಗ್ರಹಗತಿ ಸರಿ ಇಲ್ಲೇನ್ರಿ?" ಎಂದರು. ಸಂಜೆ ದರ್ಜಿ ರಾಜಾಸಾಬ್ ಮಾತ್ರ ನನ್ನ ಕೈಯನ್ನು ದೀಪದ ಕೆಳಗೆ ಹಿಡಿದು, ಕನ್ನಡಕ ಏರಿಸಿ, ಹೆಣಿಗೆಯನ್ನು ಬೆರಳಲ್ಲಿ ಸವರಿ ನೋಡಿದರು.

"ಹೆಣಿಕಿ ಛಲೋ ಐತ್ರಿ. ಏನ್ ತ್ರಾಸಿತ್ತು, ಇದನ್ನ ಕಟ್ಟಿಸ್ಕೊಂಡೀರಿ?"

"ತ್ರಾಸ ಏನಿಲ್ರಿ ಸಾಹೇಬ್ರ. ಏನರ ಅಪಾಯ ಬಂದ್ರ ಜೀವ ಉಳಸೂ ದಾರ ಇದು."

"ಮತ್ತ ಎಲ್ಲಾ ದಾರಾನೂ ಅದಕ್ಕ ಅಲ್ಲೇನ್ರಿ ಕಟ್ಟೂದು?" ಎಂದು ನನ್ನ ಕೈಯನ್ನು ನನಗೇ ಮರಳಿಸಿದರು.

ಆ ಮಾತಿಗೆ ನನಗೆ ನೆನಪಾದದ್ದು ಹನುಮಸಾಗರದ ನಮ್ಮ ಅಜ್ಜನ ಉಡದಾರ.

ಅಜ್ಜನ ನಡುವಿನಲ್ಲಿ ಕಪ್ಪು ಉಡದಾರ, ಅದಕ್ಕೆ ಹಿತ್ತಾಳೆಯ ಒಂದು ಬಳೆ, ಆ ಬಳೆಗೆ ಜೋತುಬಿದ್ದ ಒಂದು ಸಂಸಾರ. ಮುಳ್ಳು ಕೀಳುವ ಚಿಮಟ, ಕಿವಿಯ ಕೊಳೆ ತೆಗೆಯುವ ಪುಟ್ಟ ಚಮಚ, ಹಲ್ಲಿನ ಸಂದಿಗೆ ಒಂದು ಕಡ್ಡಿ, ಮರದ ಪೆಟ್ಟಿಗೆಯ ಕೀಲಿ, ತಾಮ್ರದ ತಾಯತ. ಧೋತರದ ಮಡಿಕೆಯಲ್ಲಿ ಚಕಮಕಿ ಕಲ್ಲು ಮತ್ತು ಅರಳೆ. ಅಜ್ಜ ನಡೆದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು. ಜಾಲಿ ಮುಳ್ಳು ಹೊಕ್ಕವರು ಹೊಲದಿಂದ ನೇರ ನಮ್ಮ ಕಟ್ಟೆಗೆ ಕುಂಟುತ್ತ ಬಂದು ಅಜ್ಜನ ತೊಡೆಯ ಮೇಲೆ ಕಾಲಿಡುತ್ತಿದ್ದರು. ಅಜ್ಜ ಎಕ್ಕೆಯ ಹಾಲು ಹಚ್ಚಿ, ಊರಿನ ಸುದ್ದಿಯನ್ನೆಲ್ಲ ಕೇಳಿ, ಅವರು ಸುದ್ದಿ ಹೇಳುವುದರಲ್ಲಿ ಮೈಮರೆತಾಗ ಚಿಮಟ ಹಾಕಿ ಕಿತ್ತುಬಿಡುತ್ತಿದ್ದ. ಇನ್ನು ತಲೆಯ ರುಮಾಲು. ಅದು ಬಿಸಿಲಿಗೆ ನೆರಳು, ಮಲಗಿದರೆ ದಿಂಬು, ಸಂತೆಯಿಂದ ಬರುವಾಗ ಚೀಲ, ದಾರಿಯ ಬಾವಿಯಲ್ಲಿ ತಂಬಿಗೆ ಇಳಿಸುವ ಹಗ್ಗ. ಕುತ್ತಿಗೆಯಿಂದ ಕೆಳಗೆ ಎರಡು ಬಟ್ಟೆ, ಮೇಲೆ ಒಂದು ಬಟ್ಟೆ, ನಡುವೆ ಒಂದು ದಾರ. ಅಷ್ಟರಲ್ಲಿ ಎಲ್ಲಿ ಬೇಕಾದರೂ ಹೋಗಿ ಎಷ್ಟು ದಿನ ಬೇಕಾದರೂ ಇದ್ದು ಬರುತ್ತಿದ್ದ ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಬೆರಗು ತಪ್ಪಿಲ್ಲ.

ಆ ಬೆರಗು ಆಗಲೂ ಇತ್ತು, ಅದರ ಫಲವನ್ನೂ ಉಂಡಿದ್ದೇನೆ. ಅಜ್ಜನ ಹಾಗೆ ಆಗಬೇಕೆಂದು ನನ್ನ ಉಡದಾರಕ್ಕೆ ನಾನೂ ಒಂದೊಂದೇ ಸಾಮಾನು ಪೋಣಿಸಿದೆ. ಯಾವ ಬೀಗಕ್ಕೂ ಹತ್ತದ ಕೀಲಿ, ಸೋಡಾ ಬಾಟಲಿಯ ಬಿರಡೆ ತೆಗೆಯುವ ಕಬ್ಬಿಣ, ಎತ್ತಿನ ಕೊರಳಿನ ಹಳೆಯ ಗಂಟೆ. ನನ್ನ ಚಡ್ಡಿ ನಿಂತಿದ್ದದ್ದು ಆ ಉಡದಾರದ ಮೇಲೆಯೇ ಎಂಬ ಸಂಗತಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾಲೆಯಲ್ಲಿ ಪ್ರಾರ್ಥನೆಗೆ ಕೈ ಮುಗಿದು ನಿಂತಾಗ ಉಡದಾರ, ಗಂಟೆ, ಚಡ್ಡಿ ಮೂರೂ ಒಟ್ಟಿಗೆ ಇಳಿದವು. ಗಂಟೆಯ ಸದ್ದಿಗೆ ಎಲ್ಲರೂ ಕಣ್ಣು ಬಿಟ್ಟು ನೋಡಿದರು. ಅಲ್ಲಿಗೆ ನನ್ನ ಮೊದಲ ಸಾಹಸಯುಗ ಮುಗಿಯಿತು.

ಎರಡನೆಯದು ಈ ಕಡಗದಿಂದ ಶುರುವಾಯಿತು. ರಜೆಯ ದಿನ ಮಾಳಿಗೆ ಹತ್ತಿ ಒಣಗಿದ ತೆಂಗಿನ ನಾರು ಗುಡ್ಡೆ ಹಾಕಿ ಕಡಗದ ಕಡ್ಡಿಯನ್ನು ಉಜ್ಜುತ್ತ ಕೂತೆ. ಕಿಡಿ ಹಾರುತ್ತಿತ್ತು, ನಾರು ಮಾತ್ರ ನನ್ನನ್ನು ನೋಡಿಕೊಂಡು ಸುಮ್ಮನಿತ್ತು. ಹಪ್ಪಳ ಒಣಗಿಸಲು ಬಂದಿದ್ದ ನನ್ನ ಹೆಂಡತಿ ಶಾಂತಾ ಸಾಕಷ್ಟು ಹೊತ್ತು ನೋಡಿ, ಕೆಳಗಿಳಿದು ಹೋಗಿ ಗ್ಯಾಸಿನ ಲೈಟರ್ ತಂದು ಕೈಗೆ ಕೊಟ್ಟಳು.

"ಹಿಡೀರಿ. ಕಾಡಿಗೆ ಹೋಗುವಾಗ ಇದನ್ನೂ ಒಯ್ರಿ."

ಅವಳು ಹೀಗೆ ಅಂದದ್ದಕ್ಕೆ ನಾನು ಕಾಡಿಗೆ ಹೋಗಲೇಬೇಕಾಯಿತು.

ಮಳೆಗಾಲ ಮುಗಿಯುವ ಹೊತ್ತು. ಕನಕಗಿರಿ ದಾಟಿ ಹುಲಿಹೈದರದ ಕಡೆಗೆ ಹೋದರೆ ಬರೀ ಬಂಡೆಗಳನ್ನೇ ಪೇರಿಸಿದಂತಿರುವ ಗುಡ್ಡಗಳಿವೆ. ಅದರಲ್ಲೊಂದಕ್ಕೆ ಹೋಗುವುದೆಂದು ರೂಪಾ ನಿರ್ಧರಿಸಿದಳು. ಅಲ್ಲಿ ಸೀತಾಫಲ ಹಣ್ಣಾಗುವ ಕಾಲ ಎಂದು ತಿಳಿದು ಶಾಂತಾ ತಾನೂ ಹೊರಟಳು. ನಾನು ಟೋಪಿ, ಬೂಟು, ಬೆನ್ನಚೀಲ, ಕೈಯಲ್ಲಿ ಕಡಗ. ಶಾಂತಾ ದಿನದ ಸೀರೆಯನ್ನೇ ಒಂದು ಗೇಣು ಮೇಲೆ ಸಿಕ್ಕಿಸಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೆಣ್ಣೆಯ ಬುತ್ತಿ ಕಟ್ಟಿಕೊಂಡು ಬಂದಳು. ಕಾಲಲ್ಲಿ ಹವಾಯಿ ಚಪ್ಪಲಿ. ರೂಪಾ ಅದನ್ನು ನೋಡಿ ಅತ್ತೆಗೆ ಒಂದು ಉಪನ್ಯಾಸ ಮಾಡಿದಳು, ಅತ್ತೆ ಕೇಳಿದಳು, ಚಪ್ಪಲಿ ಬದಲಾಗಲಿಲ್ಲ.

ಗುಡ್ಡದ ಬಗ್ಗೆ ಏನು ಹೇಳಲಿ? ಐವತ್ತು ದಾಟುವವರೆಗೆ ಇಂಥ ಗುಡ್ಡಗಳ ಬುಡದಲ್ಲೇ ಬಸ್ಸಿನಲ್ಲಿ ತೂಕಡಿಸುತ್ತ ಓಡಾಡಿದ್ದೇನೆ. ಮೇಲೆ ಹತ್ತಿದ್ದು ಇದೇ ಮೊದಲು. ಮನೆಗಿಂತ ದೊಡ್ಡ ಬಂಡೆಯೊಂದು ಇನ್ನೊಂದು ಬಂಡೆಯ ಮೇಲೆ ಅಂಗೈಯಷ್ಟು ಜಾಗದಲ್ಲಿ ನಿಂತಿದೆ. ಯಾವಾಗಿನಿಂದ ನಿಂತಿದೆಯೋ ಕಂಡವರಿಲ್ಲ. ಅದರ ಕೆಳಗೆ ಹೋಗಿ ಅಂಗೈ ಇಟ್ಟೆ. ಕಲ್ಲು ಬೆಚ್ಚಗಿತ್ತು. ಒಂದು ಕಡೆ ನೋಡಿದರೆ ಮಳೆಯನ್ನೇ ನಂಬಿದ ಒಣ ಹೊಲ, ಸಜ್ಜೆ, ತೊಗರಿ. ಇನ್ನೊಂದು ಕಡೆ ದೂರದಲ್ಲಿ ಕಾಲುವೆ ನೀರು ಕಂಡ ಭತ್ತದ ಹಸಿರು. ಶಾಂತಾಳ ತವರು ಆ ಹಸಿರಿನೊಳಗೆಲ್ಲೋ ಇದೆ. ಅವಳು ಹಣೆಯ ಮೇಲೆ ಕೈ ಅಡ್ಡ ಹಿಡಿದು ಆ ದಿಕ್ಕಿಗೇ ನೋಡುತ್ತ ನಿಂತಳು. ನಾನು ದಿಕ್ಸೂಚಿ ನೋಡಿ, "ಪೂರ್ವ," ಎಂದೆ. ಅವಳು ನಕ್ಕಳು. ಎದೆಯೊಳಗೆ ಏನೋ ಹಿಗ್ಗಿದಂತಾಗಿ, ಇಷ್ಟು ದೊಡ್ಡದರ ನಡುವೆ ಇಷ್ಟು ಚಿಕ್ಕವನಾಗಿ ನಿಂತಿರುವುದೇ ಭಾಗ್ಯವೆನ್ನಿಸಿತು.

ಬುತ್ತಿ ಬಿಚ್ಚುವ ಮೊದಲು ಶಾಂತಾ ಇಳಿಜಾರಿನ ಒಂದು ಗಿಡದಲ್ಲಿ ಹಣ್ಣಾಗಿ ಕಣ್ಣು ಬಿಟ್ಟ ಸೀತಾಫಲ ಕಂಡು ಕೈ ಚಾಚಿದಳು. ಕಾಲಡಿಯ ಚಪ್ಪಟೆ ಕಲ್ಲು ಓರೆಯಾಯಿತು. ಮೇಲಿನ ಕಲ್ಲೊಂದು ಜಾರಿ ಬಂದು ಅವಳ ಬಲಗಾಲಿನ ಮುಂಪಾದವನ್ನು ಒತ್ತಿ ನಿಂತಿತು. ನಾನೂ ರೂಪಾಳೂ ಸೇರಿ ಕಲ್ಲನ್ನು ಹಿಂದಕ್ಕೆ ಉರುಳಿಸಿ ಅವಳನ್ನು ಎತ್ತಿ ನೆರಳಿಗೆ ತಂದು ಕೂರಿಸಿದೆವು. ಅವಳು ಕೂಗಲಿಲ್ಲ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ಕೆಳಗೆ ಬಯಲಿನಲ್ಲಿ ಆಡು ಮೇಯಿಸುವ ಇಬ್ಬರು ಕಾಣುತ್ತಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ. ರೂಪಾ ನನ್ನ ಕೈಯಿಂದ ಕಡಗ ಬಿಚ್ಚಿಕೊಂಡು ಸೀಟಿ ಊದಿದಳು. ಆ ಪುಟ್ಟ ಪ್ಲಾಸ್ಟಿಕ್ಕಿನಿಂದ ಎಂಥ ದನಿ ಬಂತೆಂದರೆ ಬಂಡೆಬಂಡೆಗೂ ತಾಗಿ ಮೂರು ಕಡೆಯಿಂದ ವಾಪಸು ಬಂತು. ಕೆಳಗಿನವರು ತಲೆಯೆತ್ತಿ ನೋಡಿದರು. ನನಗೆ ಹೋದ ಜೀವ ಬಂತು. ಮರುಗಳಿಗೆ ಅವರಿಬ್ಬರೂ ಆಡುಗಳನ್ನು ಅಟ್ಟಿಕೊಂಡು ಓಡಿ ಗುಡ್ಡದ ಆಚೆ ಮರೆಯಾದರು. ರೂಪಾ ಇನ್ನಷ್ಟು ಜೋರಾಗಿ ಊದಿದಳು, ಅವರು ಇನ್ನಷ್ಟು ಜೋರಾಗಿ ಓಡಿರಬೇಕು. ಸೀಟಿ ಕೇಳಿದರೆ ಅರಣ್ಯದ ಗಾರ್ಡ್ ಬಂದರು, ಆಡು ಹೊಡೆದುಕೊಂಡು ಜಾಗ ಬಿಡಬೇಕು ಎಂಬುದು ಅವರ ಲೆಕ್ಕ. ಕಡಗ ಮಾಡಿದವರಿಗೆ ಇದನ್ನು ಯಾರು ಹೇಳಿರುತ್ತಾರೆ?

"ನಾನು ಇಳದು ಹೋಗಿ ಕರಕೊಂಡ ಬರ್ತೀನಿ," ಎಂದು ಹೊರಟ ರೂಪಾ ಅತ್ತೆಯ ಕಾಲನ್ನು ಮತ್ತೊಮ್ಮೆ ನೋಡಿ ಅಲ್ಲೇ ಕೂತುಬಿಟ್ಟಳು. "ಮಾಮಾ, ಈ ಬಟ್ಟು ನೋಡ್ರಿ. ಕಪ್ಪಾಗಾಕತ್ತೈತಿ."

ಹೆಬ್ಬೆರಳಿನ ಪಕ್ಕದ ಬೆರಳು. ಅದರಲ್ಲಿ ಕಾಲುಂಗುರ. ಈಗಿನ ಕಾಲುಂಗುರಗಳಿಗೆ ಹಿಂದೆ ಸೀಳಿರುತ್ತದೆ, ಹಿಗ್ಗಿಸಿ ತೆಗೆಯಬಹುದು. ಇದು ನಮ್ಮವ್ವ ಸೊಸೆಗೆಂದು ಮಾಡಿಸಿದ ಹಳೆಯ ಕಾಲದ್ದು, ಎಲ್ಲೂ ಸೀಳಿಲ್ಲದ ಗಟ್ಟಿ ಬೆಳ್ಳಿ. ಬೆರಳು ನೋಡನೋಡುತ್ತಲೇ ಊದಿ, ಉಂಗುರ ಒಳಗೆ ಹೂತುಹೋಗುತ್ತಿತ್ತು. ರಕ್ತ ಓಡದಿದ್ದರೆ ಬೆರಳು ಸಾಯುತ್ತದೆ, ಕೆಳಗಿಳಿದು ಗಂಗಾವತಿ ಮುಟ್ಟುವವರೆಗೆ ಕಾಯುವಂತಿಲ್ಲ ಎಂದಳು ರೂಪಾ. ಕಡಗದಲ್ಲಿ ಹಲ್ಲಿರುವ ಬ್ಲೇಡು ಇದ್ದೇ ಇತ್ತು, ಅವಳ ಕೈಯಿಂದ ಇಸಿದುಕೊಂಡೆ. ತಂದದ್ದಕ್ಕೂ ಸಾರ್ಥಕವಾಯಿತೆಂದು ನಾನು ಬಾಗಿದೆ.

ಶಾಂತಾ ಎರಡೂ ಕೈಯಿಂದ ಪಾದವನ್ನು ಮುಚ್ಚಿಕೊಂಡಳು.

"ಕಡೀಬ್ಯಾಡ್ರಿ."

"ಬೆಳ್ಳಿ ಹೋದ್ರ ಹೋಗ್ಲಿ, ಬ್ಯಾರೇದು ಮಾಡಸೂಣು."

"ಬೆಳ್ಳಿ ಮಾತಲ್ರಿ. ನೀವು ಕಣ್ಣಮುಂದ ಕುಂತಿರುವಾಗ ಅದನ್ನ ಕಡಸಾಕ ಆಗೂದಿಲ್ಲ ನನಗ."

ಗಂಡ ಇರುವವರೆಗೆ ಕಾಲುಂಗುರ ಕಾಲಲ್ಲಿರಬೇಕು, ಅದನ್ನು ಒಡೆಯುವ ದಿನ ಬೇರೆಯದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಓದಿದವಳು, ಮನೆಯ ಲೈಟಿನ ಫ್ಯೂಸಿನಿಂದ ಹಿಡಿದು ನನ್ನ ಸಂಬಳದ ಕಡತದವರೆಗೆ ಎಲ್ಲ ಬಲ್ಲವಳು, ಬೆರಳು ಕಪ್ಪಾಗುತ್ತಿರುವಾಗ ಹೀಗೆ ಹಟ ಹಿಡಿಯುತ್ತಾಳೆಂದರೆ ನನಗೆ ಸಿಟ್ಟು ಬಂತು. "ಬಟ್ಟು ಹೋದ ಮ್ಯಾಲ ಉಂಗುರ ಎಲ್ಲಿ ಹಾಕ್ತಿ?" ಎಂದು ಗದರಿಸಿದೆ. ರೂಪಾ ಅತ್ತಿತ್ತ ನೋಡಿದಳು.

ಶಾಂತಾ ಭತ್ತದ ಹಸಿರಿನ ಕಡೆಗೆ ಮುಖ ತಿರುಗಿಸಿ ಮೆಲ್ಲಗೆ ಹೇಳತೊಡಗಿದಳು.

"ನಮ್ಮವ್ವ ನೆಲ್ಲು ಹಚ್ಚಾಕ ಹೋಗಿದ್ಲು. ಕೆಸರಾಗ ಕಾಲುಂಗ್ರ ಜಾರಿಬಿತ್ತು. ಗದ್ದ್ಯಾಗಿದ್ದ ಹೆಣ್ಣಮಕ್ಕಳೆಲ್ಲಾ ಹೊತ್ತು ಮುಳುಗೂತನ ಕೆಸರು ಹಿಂಡಿ ಹಿಂಡಿ ಹುಡುಕಿದ್ರು. ನಾನೂ ಹುಡುಕೀನಿ, ಸಣ್ಣಾಕಿ ಇದ್ದೆ. ಸಿಗಲಿಲ್ಲ. ಅದ ವಾರದಾಗ ಕಾಲವಿ ದಂಡಿಮ್ಯಾಲ ಟ್ರ್ಯಾಕ್ಟರ್ ಮಗಚಿತು, ಅಪ್ಪ ಹೋದ. ಅವ್ವ ಸಾಯೂತನಕ ಒಂದ ಮಾತು ಅಂತಿದ್ಲು, ಅವತ್ತ ನಾನು ಕೆಸರಿಗೆ ಇಳೀಬಾರದಿತ್ತು ಅಂತ."

ನಾನು ಬ್ಲೇಡನ್ನು ಕೆಳಗಿಟ್ಟೆ.

"ನನಗ ಗೊತ್ತೈತ್ರಿ," ಎಂದಳು. "ಉಂಗ್ರಕ್ಕೂ ಟ್ರ್ಯಾಕ್ಟರಿಗೂ ಸಂಬಂಧ ಇಲ್ಲ. ಆದ್ರ ನೀವು ಅದನ್ನ ಕಡಿಯೂದು ನೋಡಿದ್ರ, ನೀವು ಸ್ಕೂಟರ್ ಮ್ಯಾಲ ಹೊರಗ ಹೋದ ದಿನ ದಿನಾ ನಾ ಸಾಯಬೇಕಾಗ್ತೈತಿ. ಬಟ್ಟು ಹೋದ್ರ ಒಂದ ಸಲ ಹೋಗ್ತೈತಿ."

ಅವಳ ಅಪ್ಪ ಹೇಗೆ ತೀರಿಕೊಂಡರೆಂಬುದು ನನಗೆ ಗೊತ್ತಿತ್ತು. ಕೆಸರಿನಲ್ಲಿ ಹುಡುಕಿದ ಆ ಸಣ್ಣ ಕೈಗಳ ವಿಷಯ ಗೊತ್ತಿರಲಿಲ್ಲ. ಇಷ್ಟು ವರ್ಷ ಅಡುಗೆಮನೆಯಲ್ಲಿ, ಮಾಳಿಗೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ಪಕ್ಕದಲ್ಲಿ ನಡೆದಾಗೆಲ್ಲ ಆ ಉಂಗುರ ನೆಲಕ್ಕೆ ತಾಗಿ ಟಕ್ಕೆನ್ನುತ್ತಿತ್ತು. ಅದು ನನ್ನನ್ನು ಕಾಯುವ ಸದ್ದು ಎಂದು ನಾನು ಅಂದುಕೊಂಡಿರಲೇ ಇಲ್ಲ. ನನಗೆ ಭಯವಾಯಿತು. ದೇವರ ಗರ್ಭಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವನಿಗೆ ಆಗುವಂಥ ಭಯ.

ರೂಪಾ ಕಣ್ಣು ಒರೆಸಿಕೊಂಡು ಕಡಗವನ್ನು ಕೈಗೆತ್ತಿಕೊಂಡಳು. "ಕಡೀಲಾರ್ದ ತಗಿಯೂ ದಾರಿ ಒಂದ ಐತ್ರಿ ಅತ್ತಿ. ತರಬೇತಿಯೊಳಗ ಕೈಬಟ್ಟಿನ ಉಂಗ್ರಕ್ಕ ಮಾಡೂದು ನೋಡೀನಿ. ಕಾಲಿಗೆ ಮಾಡಿಲ್ಲ. ಭಾಳ ನೋಯ್ತೈತಿ."

"ಉಂಗ್ರ ಒಡಿಯೂದಿಲ್ಲ ಹೌದಲ್ಲೋ? ಮಾಡು."

ಕಡಗದ ಹೆಣಿಗೆಯನ್ನು ಬಿಚ್ಚಿದಳು. ಒಂದು ತುಂಡು ಕತ್ತರಿಸಿ ಅದರ ಹೊಟ್ಟೆಯಿಂದ ಬಿಳಿಯ ಸಣ್ಣ ದಾರಗಳನ್ನು ಎಳೆದಳು. ಬುತ್ತಿಯ ಬೆಣ್ಣೆಯನ್ನು ಬೆರಳಿಗೆ ಬಳಿದಳು. ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಲು ಏನಾದರೂ ಬೇಕೆಂದಾಗ ಶಾಂತಾ ತನ್ನ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿಕೊಟ್ಟಳು. ನಮ್ಮ ಕಡೆ ಹೆಣ್ಣುಮಕ್ಕಳ ಬಳೆಗೋ ತಾಳಿಸರಕ್ಕೋ ಒಂದು ಗೊಂಚಲು ಪಿನ್ನು ಇಲ್ಲದ ಮನೆಯಿಲ್ಲ. ಯಾರ ಸೀರೆ ಹರಿದರೂ, ಯಾರ ಚಪ್ಪಲಿ ಕಿತ್ತರೂ, ಯಾವ ಕೂಸಿನ ಅಂಗಿಯ ಗುಂಡಿ ಹೋದರೂ ಅಲ್ಲಿಂದ ಒಂದು ಇಳಿಯುತ್ತದೆ. ತನಗಾಗಿ ಅದನ್ನು ಬಳಸಿದವಳನ್ನು ನಾನು ಕಂಡದ್ದು ಕಡಿಮೆ.

ದಾರ ಸುತ್ತುವ ಮೊದಲು ಶಾಂತಾ ತಡೆದಳು.

"ನಿಂದ್ರವ್ವಾ. ಕಾಲು ಖಾಲಿ ಇರಬಾರದು. ಮೊದಲ ಬಾಜೂ ಬಟ್ಟಿಗೆ ಏನರ ಕಟ್ರಿ, ಆಮ್ಯಾಲ ಅದನ್ನ ತಗೀರಿ."

ತಾಳಿ ಹರಿದರೆ ಹೊಸದು ಪೋಣಿಸುವವರೆಗೆ ದಾರಕ್ಕೆ ಅರಿಸಿನ ಕೊಂಬು ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ರೂಪಾ ಬಿಳಿ ದಾರ ತೋರಿಸಿದಳು. ಶಾಂತಾ ಬಿಳಿ ಬೇಡವೆಂದಳು. ರೂಪಾ ಹಗ್ಗದ ಕೇಸರಿ ಸಿಪ್ಪೆ ತೋರಿಸಿದಳು. ಶಾಂತಾ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ನಡೀತೈತಿ," ಎಂದು ನನ್ನ ಕೈಗೆ ಕೊಟ್ಟಳು. ಕಟ್ಟಬೇಕಾದವನು ನಾನು.

ಮದುವೆಯ ದಿನ ಕಾಲುಂಗುರ ತೊಡಿಸಲು ಬಾಗಿದಾಗ ನನ್ನ ಗೆಳೆಯರು ಹಿಂದಿನಿಂದ ಏನೇನೋ ಅಂದು ನಗಿಸಿದ್ದರು. ಆ ನಗೆಯಲ್ಲಿ ನಾನು ಆ ಪಾದವನ್ನು ನೋಡಿದ್ದೇ ನೆನಪಿಲ್ಲ. ಈಗ ನೋಡಿದೆ. ಒಡೆದ ಹಿಮ್ಮಡಿ, ಹವಾಯಿ ಚಪ್ಪಲಿಯ ಪಟ್ಟಿ ಕೂತು ಕೂತು ಆದ ಗೆರೆ, ಅದರ ಮೇಲೆ ಗುಡ್ಡದ ಕೆಂಪು ಧೂಳು. ಕೇಸರಿ ದಾರವನ್ನು ಪಕ್ಕದ ಬೆರಳಿಗೆ ಸುತ್ತಿ ಗಂಟು ಹಾಕಿದೆ. ಆಗ ಆ ಇಂಗ್ಲಿಷ್ ಚೀಟಿಯ ಒಂಟಿ ಮನುಷ್ಯ ನೆನಪಿಗೆ ಬಂದ. ಪಾಪ, ಎಲ್ಲ ಸಾಮಾನು ಅವನ ಮೈಮೇಲಿತ್ತು, ಎಲ್ಲವೂ ಅವನ ಒಬ್ಬನ ಜೀವಕ್ಕೆ. ಇವಳ ಮೈಮೇಲೆ ಕೊರಳಿನಿಂದ ಕಾಲಿನವರೆಗೆ ಇದ್ದದ್ದೆಲ್ಲ ಬೇರೆಯವರ ಜೀವಕ್ಕೆ. ಹೀಗೆ ಹೊತ್ತುಕೊಂಡು ಗುಡ್ಡ ಹತ್ತುವುದು ಹೇಗೆ ಸಾಧ್ಯವೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಬಿಳಿ ದಾರವನ್ನು ಉಂಗುರದ ಅಂಚಿನಿಂದ ಬೆರಳ ತುದಿಯವರೆಗೆ ಒತ್ತಾಗಿ ಸುತ್ತಿ, ಉಂಗುರದ ಕೆಳಗೆ ತೂರಿಸಿದ್ದ ತುದಿಯನ್ನು ಹಿಡಿದು ರೂಪಾ ಬಿಚ್ಚುತ್ತ ಬಂದಳು. ಒಂದೊಂದು ಸುತ್ತು ಬಿಚ್ಚಿದಾಗ ಉಂಗುರ ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ಶಾಂತಾ ನನ್ನ ಭುಜ ಹಿಡಿದಿದ್ದಳು. ಆ ಹಿಡಿತದಿಂದ ಅವಳ ನೋವು ನನ್ನ ಮೂಳೆಗೆ ಇಳಿಯುತ್ತಿತ್ತು. ಗೆಣ್ಣಿನ ಹತ್ತಿರ ಬಂದು ಉಂಗುರ ನಿಂತುಬಿಟ್ಟಿತು. ರೂಪಾ ಅಳುತ್ತಲೇ ಮತ್ತೆ ಬೆಣ್ಣೆ ಬಳಿದು ಮತ್ತೆ ಸುತ್ತಿದಳು. "ನಿನ್ನ ಕೈಯಾಗ ಐತಿ ತಂಗಿ, ಹೆದರಬ್ಯಾಡ," ಎಂದು ಅವಳಿಗೇ ಧೈರ್ಯ ಹೇಳಿದಳು ಶಾಂತಾ. ಆಮೇಲೆ ಉಂಗುರ ಒಮ್ಮೆಲೇ ಹೊರಬಂದು ಬಂಡೆಯ ಮೇಲೆ ಬಿದ್ದು ಕಿಣಿಕಿಣಿಸುತ್ತ ಉರುಳಿತು. ನಾನು ಮೈಚೆಲ್ಲಿ ಬಿದ್ದು ಹಿಡಿದೆ. ನನ್ನ ಹೊಟ್ಟೆ ಅಷ್ಟು ಚುರುಕಾಗಿ ನೆಲ ಮುಟ್ಟಿದ್ದನ್ನು ರೂಪಾ ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ.

ಉಂಗುರ ಎಲ್ಲೂ ಒಡೆದಿರಲಿಲ್ಲ. ಶಾಂತಾ ಅದನ್ನು ಒರೆಸಿ, ಕಣ್ಣಿಗೆ ಒತ್ತಿಕೊಂಡು, ತಾಳಿಸರಕ್ಕೆ ಪೋಣಿಸಿಕೊಂಡಳು. ಬೆರಳಿನ ಕಪ್ಪು ಮೆಲ್ಲಗೆ ಕೆಂಪಿಗೆ ತಿರುಗಿತು. ನಾವು ಮೂವರೂ ಆ ಒಂದು ಬೆರಳನ್ನೇ ನೋಡುತ್ತ ಕೂತಿದ್ದೆವು. ಅಷ್ಟು ದೊಡ್ಡ ಗುಡ್ಡ, ಅಷ್ಟು ದೊಡ್ಡ ಆಕಾಶ, ಅವುಗಳ ಕಡೆಗೆ ಯಾರಿಗೂ ಕಣ್ಣಿರಲಿಲ್ಲ.

ರೂಪಾ ಈ ಸಲ ಸೀಟಿಯನ್ನು ಕಿಸೆಗೆ ಹಾಕಿಕೊಂಡು, "ಅಣ್ಣಾ, ಓ ಅಣ್ಣಾ," ಎಂದು ಕೂಗುತ್ತ ಇಳಿದಳು. ಆ ಇಬ್ಬರೂ ಬಂದರು. ಹಿರಿಯನು ಸಂಕೋಚದಿಂದ, "ಸೀಟಿ ಯಾಕ ಹೊಡದ್ರಿ? ಹಿಂಗ ಕೂಗಿದ್ರ ಆಗಳೇ ಬರ್ತಿದ್ವಿ," ಎಂದ. ಹೆಗಲ ಮೇಲಿನ ಕಂಬಳಿಯನ್ನು ಹಾಸಿ, ಶಾಂತಾಳನ್ನು ಅದರಲ್ಲಿ ಕೂರಿಸಿ, ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು ಇಳಿಸಿದೆವು. ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ, ಗಿಡದಲ್ಲಿ ಉಳಿದ ಆ ಸೀತಾಫಲದ್ದು. ಕಿರಿಯವನು ತನ್ನ ಚೀಲದಿಂದ ಒಂದು ತೆಗೆದುಕೊಟ್ಟ. ಕಂಬಳಿಯಲ್ಲಿ ಕೂತು ತಿನ್ನುತ್ತ, ಬೀಜ ಉಗುಳುತ್ತ ಇಳಿದಳು.

ಗಂಗಾವತಿಯ ಆಸ್ಪತ್ರೆಯಲ್ಲಿ ಪಾದ ನೋಡಿದ ಡಾಕ್ಟರು ಬೆರಳಿಗೆ ಅಪಾಯವಿಲ್ಲ, ಪಾದದ ಮೂಳೆಗೆ ಬಿರುಕು ಬಿದ್ದಿರಬಹುದು, ಎಕ್ಸ್‌-ರೇ ತೆಗೆಯಿರಿ ಎಂದರು. ಎಕ್ಸ್‌-ರೇ ಕೋಣೆಯಲ್ಲಿ ಚಿಕ್ಕ ವಯಸ್ಸಿನ ನರ್ಸ್ ಕಾಲಿನ ಧೂಳನ್ನು ಜೋಪಾನವಾಗಿ ತೊಳೆದು, ಒರೆಸಿ, ಕತ್ತರಿ ಹಿಡಿದು ಕೇಸರಿ ದಾರದ ಹತ್ತಿರ ತಂದಳು. ಶಾಂತಾ ಅಷ್ಟು ನೋವಿನಲ್ಲೂ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಅದೊಂದನ್ನ ಬಿಡವ್ವಾ."

"ಬಟ್ಟು ಇನ್ನೂ ಊದಿದ್ರ ಬಿಗಿತೈತ್ರಿ ಅಮ್ಮಾ. ಬರೀ ದಾರ ಅಲ್ಲೇನ್ರಿ?"

ಶಾಂತಾ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೆ ಗದ್ದ ತೋರಿಸಿದಳು. "ಅಲ್ಲಿ ನಿಂತಾರಲ್ಲ, ಅವ್ರು ಅದಾರ ಅದರಾಗ. ಬೇಕಾದ್ರ ಸಡ್ಲ ಮಾಡು, ಕಡೀಬ್ಯಾಡ."

ನರ್ಸ್ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಕತ್ತರಿಯನ್ನು ಟ್ರೇಯಲ್ಲಿಟ್ಟು, ಗಂಟನ್ನು ಉಗುರಿನಿಂದ ಸಡಿಲಿಸಿ, ಮತ್ತೆ ಮೆತ್ತಗೆ ಕಟ್ಟಿದಳು. ಬಳಿಕ ಬಾಗಿಲು ಮುಂದೆ ಮಾಡುತ್ತ, ಫೋಟೋ ತೆಗೆಯುವವರೆಗೆ ಅಲುಗಾಡಬಾರದು ಎಂದು ಶಾಂತಾಳಿಗೆ ಹೇಳಿದಳು. ಬಾಗಿಲ ಹೊರಗೆ ನಿಂತಿದ್ದ ನಾನೂ ಅಲುಗಾಡಲಿಲ್ಲ.